ಹಳೇ ಅನಿಮೆನೋ, ರೀಮೇಕೋ? ಹೊಸಬರು ಯಾವುದು ಹಾಕ್ಕೋಬೇಕು?

ಕೇಳಿದವರು: ಕುವೆಂಪುನಗರ, ಮೈಸೂರು

ದಸರಾ ರಜೆಯಲ್ಲಿ ಮನೇಲಿ ಒಂದು ಅನಿಮೆ (ಜಪಾನಿ ಕಾರ್ಟೂನ್) ಸರಣಿ ಪೂರ್ತಿ ನೋಡಿ ಮುಗಿಸೋಣ ಅಂತಿದೀವಿ. ನೋಡೋರು ಮೂರು ಜನ: ನಾನು, ಪಿಯುಸಿ ಓದ್ತಿರೋ ತಮ್ಮ, ಮತ್ತೆ ಅಮ್ಮ. ಮೂವರೂ ಹೊಸಬರೇ. ಗೊಂದಲ ಏನು ಅಂದ್ರೆ, ಒಂದೇ ಹೆಸರಲ್ಲಿ ಎರಡೆರಡು ಇವೆ. ಫುಲ್‌ಮೆಟಲ್ ಆಲ್ಕೆಮಿಸ್ಟ್ 2003ರದ್ದು ಒಂದು, 2009ರ ಬ್ರದರ್‌ಹುಡ್ ಇನ್ನೊಂದು. ಹಂಟರ್ ಎಕ್ಸ್ ಹಂಟರ್ 1999ರಲ್ಲೂ ಇದೆ, 2011ರಲ್ಲೂ ಇದೆ. ಹಳೇದು ಬಿಟ್ಟು ಸೀದಾ ಹೊಸದಕ್ಕೆ ಹೋದ್ರೆ ಅರ್ಥ ಆಗುತ್ತಾ? ಗೊತ್ತಿರೋರು ಹೇಳಿ. ಕಥೆ ಮಾತ್ರ ಬಿಟ್ಟುಕೊಡಬೇಡಿ.

ಸರಸ್ವತಿಪುರಂ, ಮೈಸೂರು

ಅರ್ಥ ಆಗುತ್ತೆ. ಬ್ರದರ್‌ಹುಡ್ ಹಳೇದರ ಮುಂದುವರಿಕೆ ಅಲ್ಲ, ಮೊದಲಿಂದ ಮತ್ತೆ ಹೇಳಿರೋ ಕಥೆ. ಆದರೆ "ಹಳೇದೋ ಹೊಸದೋ" ಅನ್ನೋದಕ್ಕೆ ಎಲ್ಲ ಸರಣಿಗೂ ಒಂದೇ ಉತ್ತರ ಹುಡುಕಬೇಡಿ. ರೀಮೇಕ್ ಯಾಕೆ ಮಾಡಿದರು ಅಂತ ಮೊದಲು ನೋಡಿ, ಉತ್ತರ ಅಲ್ಲೇ ಸಿಗುತ್ತೆ.

ಫುಲ್‌ಮೆಟಲ್‌ಗೆ ಮೂಲ ಒಂದು ಮಾಂಗಾ, ಅಂದ್ರೆ ಜಪಾನಿ ಕಾಮಿಕ್ಸ್. ಹಿರೋಮು ಅರಾಕವಾ ಅದನ್ನ ಶುರು ಮಾಡಿದ್ದು 2001ರಲ್ಲಿ, ಮುಗಿಸಿದ್ದು 2010ರಲ್ಲಿ, ಒಟ್ಟು 27 ಸಂಪುಟ. ಟಿವಿ ಸರಣಿ 2003ರ ಅಕ್ಟೋಬರಲ್ಲೇ ಬಂತು. ಆಗ ಮಾಂಗಾ ಇನ್ನೂ ಆರಂಭದ ಘಟ್ಟದಲ್ಲಿತ್ತು. ಹಾಗಾಗಿ ಬೋನ್ಸ್ ಸ್ಟುಡಿಯೋದವರು ಅರ್ಧ ದಾರಿಯಿಂದ ತಮ್ಮದೇ ಕಥೆ ಕಟ್ಟಿದರು. 51 ಎಪಿಸೋಡ್ ಆದಮೇಲೂ ಕಥೆ ಪೂರ್ತಿ ಮುಗಿಯಲ್ಲ, ಕೊನೆ ಇರೋದು 2005ರ ಸಿನಿಮಾದಲ್ಲಿ. ಅದೇ ಬೋನ್ಸ್ 2009ರ ಏಪ್ರಿಲಲ್ಲಿ ಬ್ರದರ್‌ಹುಡ್ ಶುರು ಮಾಡಿ, ಮಾಂಗಾ ಮುಗಿದ ಮುಂದಿನ ತಿಂಗಳೇ, 2010ರ ಜುಲೈನಲ್ಲಿ, 64 ಎಪಿಸೋಡಿಗೆ ಮುಗಿಸಿತು. ಇದು ಮಾಂಗಾ ದಾರಿಯಲ್ಲೇ ಕೊನೆಯವರೆಗೂ ಹೋಗುತ್ತೆ.

ಹಾಗಂತ 2003ರದ್ದು ಕೆಟ್ಟದ್ದು ಅಂತಲ್ಲ. ಅದು ಬೇರೆಯದೇ ಕಥೆ. ಹೋಮನ್ಕ್ಯುಲಸ್‌ಗಳು (ಮನುಷ್ಯರಂತೆ ಕಾಣೋ ಕೃತಕ ಜೀವಿಗಳು) ಹುಟ್ಟೋ ಕಾರಣ ಎರಡರಲ್ಲೂ ಬೇರೆ, ಹೆಸರು ಒಂದೇ ಇದ್ರೂ ಕೆಲವರು ಬೇರೆ ವ್ಯಕ್ತಿಗಳೇ. ಹಳೇದರಲ್ಲಿ ವಿಷಾದ ಜಾಸ್ತಿ, ನಿಧಾನ ಜಾಸ್ತಿ. ಹೊಸದರಲ್ಲಿ ಹರವು ದೊಡ್ಡದು, ಎಳೆ ಎಲ್ಲಾ ಕೊನೆಗೆ ಒಂದು ಗಂಟಿಗೆ ಬಂದು ಸೇರುತ್ತೆ. ಹೊಸಬರಿಗೆ ನನ್ನ ಓಟು ಬ್ರದರ್‌ಹುಡ್‌ಗೆ.

ಲೆಕ್ಕ ಹೀಗಿದೆ. ಒಂದು ಎಪಿಸೋಡ್ ಹತ್ತಿರ ಹತ್ತಿರ 24 ನಿಮಿಷ. ಶುರುವಿನ ಹಾಡು ಒಂದೂವರೆ ನಿಮಿಷ, ಕೊನೆಯ ಹಾಡು ಒಂದೂವರೆ ನಿಮಿಷ ತೆಗೆದ್ರೆ 21. ಬ್ರದರ್‌ಹುಡ್ ಒಟ್ಟು 22 ಗಂಟೆ ಚಿಲ್ಲರೆ. ಹತ್ತು ದಿನಕ್ಕೆ ಹಂಚಿದ್ರೆ ದಿನಕ್ಕೆ ಆರೇಳು ಎಪಿಸೋಡ್. ಜಂಬೂ ಸವಾರಿ ದಿನ ರಜೆ ಕೊಟ್ಟರೂ ಮುಗಿಯುತ್ತೆ.

ಮಂಡ್ಯ

ಬ್ರದರ್‌ಹುಡ್ ಚೆನ್ನಾಗೈತೆ, ಇಲ್ಲ ಅನ್ನಕಿಲ್ಲ. ಆದ್ರೆ ಅದರ ಒಂದು ಕೊರತೆನ ಯಾರೂ ಹೊಸಬರಿಗೆ ಮೊದಲೇ ಹೇಳಕಿಲ್ಲ. ಒಸಿ ಕೇಳಿ.

ನಮ್ ಕಡೆ ಕುರುಕ್ಷೇತ್ರ ನಾಟಕ ಆಡೋವಾಗ, ಜನಕ್ಕೆ ಕತೆ ಗೊತ್ತೈತಲ್ಲ ಅಂತ ಮೇಷ್ಟ್ರು ಮೊದಲ ಸೀನುಗಳ್ನ ಬಿರಬಿರನೆ ಮುಗಿಸ್ಬುಡ್ತಾರೆ. ಗೊತ್ತಿಲ್ದೋನು ಪಿಳಿಪಿಳಿ ಕಣ್ ಬಿಟ್ಕೊಂಡು ಕೂತಿರ್ತಾನೆ. ಬ್ರದರ್‌ಹುಡ್ ಶುರುನೂ ಅಂಗೇ. ಆರು ವರ್ಷದ ಹಿಂದಷ್ಟೇ ಜನ ನೋಡಿರೋ ಭಾಗ ಅಂತ ಓಡಿಸ್ಯವ್ರೆ. ಹಳೇದರಲ್ಲಿ ಟಕರ್ ಅನ್ನೋನ ಮನೆ ಕತೆಗೆ 6, 7 ಅಂತ ಎರಡು ಎಪಿಸೋಡು, ಹೊಸದರಲ್ಲಿ 4ನೇದು ಒಂದೇ. ಹಳೇದರ 25ನೇ ಎಪಿಸೋಡಲ್ಲಿ ಬರೋ ದೊಡ್ಡ ತಿರುವು ಹೊಸದರಲ್ಲಿ 10ಕ್ಕೇ ಬಂದ್ಬುಡ್ತದೆ. ಆ ಪಾತ್ರದ ಮೇಲೆ ಪ್ರೀತಿ ಹುಟ್ಟಕೆ ಟೈಮೇ ಇಲ್ಲ. ಗಣಿ ಊರಿನ ಕತೆ ಹಳೇದರಲ್ಲಿ 9ನೇ ಎಪಿಸೋಡು ಪೂರ್ತಿ ಐತೆ. ಹೊಸದರಲ್ಲಿ ಅದನ್ನ ಜಾಗದಿಂದ್ಲೇ ಎತ್ತಿ, ಮುಂದೆ ಎಲ್ಲೋ ತಮಾಷೆ ನೆನಪಿನ ತರ ತೋರ್ಸಿ ಕೈ ತೊಳ್ಕಂಡವ್ರೆ.

ಇನ್ನೊಂದು. ಬ್ರದರ್‌ಹುಡ್ 1ನೇ ಎಪಿಸೋಡು ಮಾಂಗಾದಲ್ಲೇ ಇಲ್ಲ. ಹಳೇ ಅಭಿಮಾನಿಗಳಿಗೆ ಎಲ್ಲಾರ್ನೂ ಒಂದ್ಸಲ ತೋರ್ಸಾಕೆ ಮಾಡಿರದು. ಹೊಸಬರಿಗೆ ಇಪ್ಪತ್ತು ನಿಮಿಷದಲ್ಲಿ ಹತ್ತು ಹೆಸರು ತಲೆ ಮೇಲೆ ಸುರಿದಂಗಾಗ್ತದೆ. ನಿಮ್ಮ ಅಮ್ಮಾವ್ರು ಅಲ್ಲೇ ಎದ್ದು ಹೋಯ್ತಾರೆ, ಬರಕೊಡ್ತೀನಿ. 2ರಿಂದ ಹಾಕಿ. ಅಣ್ಣತಮ್ಮಂದಿರು ಯಾರು, ಏನು ಕಳ್ಕಂಡ್ರು ಅಂತ ಅಲ್ಲಿ ಸರಿಯಾಗಿ ಹೇಳ್ತಾರೆ. 1ನ್ನ ಆಮೇಲೆ ಯಾವಾಗ್ಲಾರ ನೋಡ್ಕಳಿ.

ಶ್ರೀರಂಗಪಟ್ಟಣ

ಮಂಡ್ಯದವರು ಹೇಳಿದ್ದು ನಿಜ. ಆದರೆ ಇದೇ ಕಾರಣ ಹಿಡಿದು "2003ರದ್ದು 25ರವರೆಗೆ ನೋಡಿ, ಆಮೇಲೆ ಬ್ರದರ್‌ಹುಡ್ 11ಕ್ಕೆ ಹಾರಿ" ಅಂತ ಸಲಹೆ ಕೊಡೋರು ಬಹಳ ಜನ ಇದ್ದಾರೆ. ಹೊಸಬರು ಅದನ್ನ ಮಾಡಬೇಡಿ. ಎಲ್ಲೆಲ್ಲಿ ಕೆಡುತ್ತೆ ಅಂತ ಹೇಳ್ತೀನಿ.

ಹಳೇ ಸರಣಿ ದಾರಿ ಬದಲಿಸೋದು 26ರಿಂದ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ಬೇರೆ ಬೀಜ ಅದಕ್ಕಿಂತ ಎಷ್ಟೋ ಮುಂಚೆ ಬಿತ್ತಿರ್ತಾರೆ. 10ನೇ ಎಪಿಸೋಡಿನ ಕಳ್ಳಿ ಸೈರನ್ ಮಾಂಗಾದಲ್ಲಿಲ್ಲ. 11, 12ರಲ್ಲಿ ಬರೋ ನಕಲಿ ಸೋದರರ ಕಥೆ ಒಂದು ಕಾದಂಬರಿಯಿಂದ ತಂದದ್ದು. ಇವನ್ನೆಲ್ಲ ತಲೆಯಲ್ಲಿ ಇಟ್ಕೊಂಡು ಬ್ರದರ್‌ಹುಡ್ ಮಧ್ಯಕ್ಕೆ ಬಂದ್ರೆ, "ಅವರೆಲ್ಲಿ ಹೋದ್ರು?" ಅಂತ ಕೊನೆವರೆಗೂ ಹುಡುಕ್ತಾ ಇರ್ತೀರಿ. ಕಾಲದ ಕ್ರಮನೂ ತೊಂದರೆ. ಹಳೇದು ಎರಡು ಎಪಿಸೋಡ್ ಲಿಯೋರ್ ಊರಲ್ಲಿ ನಡೆದು, ಮೂರನೆಯದಕ್ಕೆ ದಿಢೀರ್ ಅಂತ ಬಾಲ್ಯಕ್ಕೆ ಹೋಗಿ ಬಹಳ ಹೊತ್ತು ಹಿಂದೇ ಉಳಿಯುತ್ತೆ. ಮೇಲಾಗಿ ಜಪಾನಿ ಧ್ವನಿಯಲ್ಲಿ ಅಣ್ಣ ಎಡ್‌ಗೆ ರೋಮಿ ಪಾರ್ಕ್, ತಮ್ಮ ಆಲ್‌ಗೆ ರಿಯೆ ಕುಗಿಮಿಯಾ, ಎರಡರಲ್ಲೂ ಅವರೇ. ಆದರೆ ಸೇನಾಧಿಕಾರಿ ರಾಯ್ ಮಸ್ಟಾಂಗ್ ಧ್ವನಿ ಬೇರೆ, ಅವನ ಸಹಾಯಕಿ ಹಾಕ್‌ಐ ಧ್ವನಿ ಬೇರೆ. ಅರ್ಧಕ್ಕೆ ದಾಟಿದ್ರೆ ಇವರೇನಾ ಅವರು ಅನ್ನಿಸುತ್ತೆ.

ಎರಡೂ ನೋಡೋ ಆಸೆ ಇದ್ರೆ ಒಂದು ಪೂರ್ತಿ ಮುಗಿಸಿ, ಒಂದೆರಡು ತಿಂಗಳು ಬಿಟ್ಟು ಇನ್ನೊಂದು ಹಿಡೀರಿ. ಎಷ್ಟೇ ಎಪಿಸೋಡ್ ಇದ್ರೂ ಸಮಯ ಇದೆ ಅನ್ನೋರಿಗೆ ಮೊದಲು 2003, ಆಮೇಲೆ ಬ್ರದರ್‌ಹುಡ್ ಒಳ್ಳೆ ಕ್ರಮ. ಯಾಕಂದ್ರೆ ಓಡಿಸಿದ ಶುರುವಿನ ಭಾಗ ಆಗ ಚುಚ್ಚಲ್ಲ. ಒಂದೇ ನೋಡೋರಿಗೆ ಬ್ರದರ್‌ಹುಡ್ ಸಾಕು.

ಮದ್ದೂರು

ಹಂಟರ್ ಎಕ್ಸ್ ಹಂಟರ್ ವಿಚಾರ ಯಾರೂ ಮುಟ್ಟಲಿಲ್ಲ.

1999ರದ್ದು ನಿಪ್ಪಾನ್ ಆನಿಮೇಷನ್ ಮಾಡಿದ್ದು, ಟಿವಿಯಲ್ಲಿ ಬಂದದ್ದು 62 ಎಪಿಸೋಡ್. ಗುಂಡಿ ಇಲ್ಲೇ ಇರೋದು. 62ಕ್ಕೆ ನಿಲ್ಲೋದು ಯಾರ್ಕ್‌ನ್ಯೂ ಅನ್ನೋ ಊರಿನ ಕಥೆಯ ನಡುಮಧ್ಯದಲ್ಲಿ. ಮುಂದಿನದು ಟಿವಿಗೆ ಬರದೆ ಡಿಸ್ಕಿನಲ್ಲಿ ಬಂದ ಮೂರು ಕಂತು: 8, 8, 14, ಒಟ್ಟು 30. ಮೊದಲ 8 ಸಿಗದಿದ್ರೆ ಒಳ್ಳೆ ಕಥೆ ಬಾಯಿಗೆ ಬಂದು ನಿಂತಂಗೆ. 30 ಪೂರ್ತಿ ಸಿಕ್ಕಿದರೂ ಅದರ ಮುಂದಿನ ಗ್ರೀಡ್ ಐಲೆಂಡ್ ಭಾಗ ಮುಗಿಯೋದ್ರೊಳಗೆ ಚಿತ್ರದ ಮಟ್ಟ ಇಳಿದಿರೋದು ಕಣ್ಣಿಗೆ ಕಾಣುತ್ತೆ.

2011ರದ್ದು ಮ್ಯಾಡ್‌ಹೌಸ್‌ನದು, 148 ಎಪಿಸೋಡ್, ಹಾಡು ಬಿಟ್ಟು 52 ಗಂಟೆ. ದಸರಾ ರಜೆಗೆ ಇದು ಬೇಡ, ಬೇಸಿಗೆ ರಜೆಗೆ ಇಟ್ಕೊಳ್ಳಿ. ಶುರುವಿನ ಹಂಟರ್ ಪರೀಕ್ಷೆಯ ಭಾಗ 21ಕ್ಕೆ ಮುಗಿಯುತ್ತೆ. ಹಳೇದರಲ್ಲಿ ಅದೇ ಪರೀಕ್ಷೆ ಸುಮಾರು 30ರವರೆಗೆ ಎಳೆಯುತ್ತೆ. 13 ಮತ್ತು 26 ಹಿಂದಿನದ್ದರ ಮೆಲುಕು, ಬಿಟ್ಟರೆ ನಷ್ಟ ಇಲ್ಲ. ಕೈಮೆರಾ ಇರುವೆಗಳ ಭಾಗ 76ರಿಂದ 136, ಅಂದ್ರೆ 61 ಎಪಿಸೋಡ್. ನೋಡ್ತಾ ನೋಡ್ತಾ ಅರ್ಧಕ್ಕೆ ಬಿಡೋರು ಬಿಡೋದು ಇಲ್ಲೇ, ಯಾಕಂದ್ರೆ ಓಟ ನಿಂತು ನಿರೂಪಕನ ಮಾತು ಶುರುವಾಗುತ್ತೆ. ತಡ್ಕೊಂಡ್ರೆ ಇಡೀ ಸರಣಿಯಲ್ಲಿ ಅದಕ್ಕೆ ಸಾಟಿ ಇಲ್ಲ. ಹಿಂಸೆ ಮಾತ್ರ ಜೋರಿದೆ, ಚಿಕ್ಕ ಮಕ್ಕಳು ಪಕ್ಕದಲ್ಲಿ ಕೂತಿದ್ರೆ ಬೇಡ.

ಹೊಸದರಲ್ಲಿ ಒಂದು ತಪ್ಪು ಮಾಡಿದ್ದಾರೆ. ಕೈಟ್ ಅನ್ನೋನು ಕಥಾನಾಯಕ ಹುಡುಗ ಗಾನ್‌ನನ್ನ ಮೊದಲು ಕಾಣೋ ಪ್ರಸಂಗ 1999ರ 1ನೇ ಎಪಿಸೋಡಲ್ಲೇ ಇದೆ. 2011ರದ್ದರಲ್ಲಿ ಶುರುವಲ್ಲಿ ಅದನ್ನ ಬಿಟ್ಟು, ಇರುವೆ ಭಾಗದ ಬಾಗಿಲಲ್ಲಿ ಅವನನ್ನ ಕರ್ಕೊಂಡು ಬರ್ತಾರೆ. ಅವನ ಮೇಲೆ ಗಾನ್‌ಗೆ ಅಷ್ಟು ಅಕ್ಕರೆ ಯಾಕೆ ಅಂತ ಹೊಸಬರಿಗೆ ತಟ್ಟಲ್ಲ. ಮದ್ದು ಸುಲಭ: 2011ರದ್ದು 75ರವರೆಗೆ ನೋಡಿ ನಿಲ್ಲಿಸಿ, 1999ರ 1ನೇ ಎಪಿಸೋಡ್ ಒಂದನ್ನ ನೋಡಿ, ಆಮೇಲೆ 76ಕ್ಕೆ ಬನ್ನಿ.

ಕೇಳಿದವರು: ಕುವೆಂಪುನಗರ

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಹೊಡೆದಾಟ ಅಷ್ಟಕ್ಕಷ್ಟೆ. ಅವರಿಗೆ ಒಗ್ಗೋ ಥರದ್ದು ಏನಾದ್ರೂ? ತಮ್ಮ ಇವ್ಯಾಂಜೆಲಿಯನ್ ಅಂತ ಕುಣೀತಿದಾನೆ, ಅದರ ಹೊಸ ಸಿನಿಮಾಗಳೇ ಸಾಕಂತೆ.

ಸರಸ್ವತಿಪುರಂ, ಮೈಸೂರು

ಅಮ್ಮನಿಗೆ ಫ್ರೂಟ್ಸ್ ಬಾಸ್ಕೆಟ್. ಮನೆತನ, ಶಾಪ, ಅಪ್ಪ ಅಮ್ಮ ಮಕ್ಕಳ ನೋವು, ಧಾರಾವಾಹಿ ನೋಡೋರಿಗೆ ಎರಡನೇ ದಿನಕ್ಕೇ ಹಿಡಿಯುತ್ತೆ. ಇಲ್ಲಿ ಅನುಮಾನವೇ ಬೇಡ, 2019ರದ್ದೇ ಹಾಕಿ. 2001ರದ್ದು 26 ಎಪಿಸೋಡಿಗೆ ನಿಂತುಹೋಯ್ತು, ಆಗ ನತ್ಸುಕಿ ತಕಾಯಾ ಮಾಂಗಾ ಇನ್ನೂ ನಡೀತಿತ್ತು. ಅದು 23 ಸಂಪುಟ ಆಗಿ ಮುಗಿದದ್ದು 2006ರಲ್ಲಿ. ಹೊಸದು ಲೇಖಕಿಯ ಮೇಲುಸ್ತುವಾರಿಯಲ್ಲೇ 25, 25, 13 ಅಂತ ಮೂರು ಸೀಸನ್, ಒಟ್ಟು 63. ಶುರುವಿಗೆ ಮುಂಚೆ ಅಮ್ಮನಿಗೆ ಒಂದು ಮಾತು ಹೇಳಿಡಿ: ನಮ್ಮಲ್ಲಿ ರಾಶಿ ಇದ್ದಂಗೆ ಅವರಲ್ಲಿ ವರ್ಷಕ್ಕೊಂದು ಪ್ರಾಣಿ, ಇಲಿಯಿಂದ ಹಂದಿವರೆಗೆ ಹನ್ನೆರಡು, ಬೆಕ್ಕಿಗೆ ಮಾತ್ರ ಜಾಗ ಇಲ್ಲ. ಇದಿಷ್ಟು ಗೊತ್ತಿದ್ರೆ ಕಥೆ ತಾನಾಗಿ ಬಿಚ್ಕೊಳ್ಳುತ್ತೆ.

ಶ್ರೀರಂಗಪಟ್ಟಣ

ಇವ್ಯಾಂಜೆಲಿಯನ್‌ಗೆ ಉತ್ತರ ಉಲ್ಟಾ. ಹಳೇದು ಮೊದಲು. ಅಲ್ಲಿ ಕಥೆ ಅರ್ಧಕ್ಕೆ ನಿಂತಿದ್ದಕ್ಕೆ ಬೇರೆಯವರು ಬಂದು ಮತ್ತೆ ಮಾಡಿದ್ದಲ್ಲ. ನಿರ್ದೇಶಕ ಹಿದೆಯಾಕಿ ಆನ್ನೊ ತಾನು ಹೇಳಿದ್ದನ್ನ ತಾನೇ ಮತ್ತೆ ಬೇರೆ ಥರ ಹೇಳಿದ್ದು. 2007ರ ಮೊದಲ ಸಿನಿಮಾ ಟಿವಿಯ ಮೊದಲ ಆರು ಎಪಿಸೋಡಿನ ಹೆಜ್ಜೆಯಲ್ಲೇ ನಡೆಯುತ್ತೆ, 2009ರದ್ದು ಪಕ್ಕಕ್ಕೆ ವಾಲುತ್ತೆ, 2012ರದ್ದು ಪೂರ್ತಿ ಬೇರೆ ದಾರಿ. ಎಲ್ಲಿ ಬದಲಾಯ್ತು ಅನ್ನೋದರಲ್ಲೇ ಅವುಗಳ ಅರ್ಧ ಮಜಾ ಇರೋದು. ಹಳೇದು ಗೊತ್ತಿಲ್ಲದೋರಿಗೆ ಆ ಅರ್ಧ ಸಿಗೋದೇ ಇಲ್ಲ.

ಕ್ರಮ: 1995ರ ಟಿವಿ ಸರಣಿ 26, ಆಮೇಲೆ 1997ರ ದಿ ಎಂಡ್ ಆಫ್ ಇವ್ಯಾಂಜೆಲಿಯನ್, ಅದಾದಮೇಲೆ ನಾಲ್ಕು ಹೊಸ ಸಿನಿಮಾ. ಕೊನೆಯದು 2021ರದ್ದು, 155 ನಿಮಿಷ. "ಡೆತ್" ಅಂತ ಹೆಸರಿರೋದು ಕಾಣಿಸಿದ್ರೆ ಅದು ಟಿವಿ ಸರಣಿಯ ಕತ್ತರಿಸಿದ ಮೆಲುಕು, ಅದರಿಂದ ಶುರು ಮಾಡಿದ್ರೆ ತಲೆಬುಡ ತಿಳಿಯಲ್ಲ. 25, 26ನೇ ಎಪಿಸೋಡ್ ನೋಡಿ "ಇದೇನಿದು" ಅಂತ ಟಿವಿ ಆರಿಸಬೇಡ ಅಂತ ತಮ್ಮನಿಗೆ ಹೇಳಿ. ಅಮ್ಮನ ಜೊತೆ ಕೂತು ನೋಡೋದಂತೂ ಅಲ್ಲ.

ಮಂಡ್ಯ

ರೀಮೇಕ್ ಅಲ್ದಿರದನ್ನೂ ರೀಮೇಕ್ ಅನ್ಕಂಡು ಎಡವೋರು ಅವ್ರೆ, ಅದೂ ಹೇಳ್ಬುಡ್ತೀನಿ. ನರುಟೊ ಶಿಪ್ಪುಡೆನ್ ಹೊಸ ನರುಟೊ ಅಲ್ಲ, 220 ಎಪಿಸೋಡು ಆದ್ಮೇಲೆ ಬರೋ ಮುಂದಿನ 500. ಡ್ರ್ಯಾಗನ್ ಬಾಲ್ ಸೂಪರೂ ಅಂಗೇ, ಮುಂದಿನ ಕತೆ. ಡ್ರ್ಯಾಗನ್ ಬಾಲ್ ಕಾಯ್ ಮಾತ್ರ ಹಳೇ ಡ್ರ್ಯಾಗನ್ ಬಾಲ್ ಝಡ್‌ನ 291 ಎಪಿಸೋಡಿನಲ್ಲಿ ಮಾಂಗಾಕ್ಕೆ ಕಾಯ್ತಾ ನೀರು ಬೆರೆಸಿದ್ದನ್ನ ತೆಗೆದು ಗಟ್ಟಿ ಮಾಡಿರದು. ಹೊಸಬರಿಗೆ ಝಡ್ ಬದ್ಲು ಕಾಯ್ ಸಾಕು.

ಮದ್ದೂರು

ಟಿವಿ ಸರಿ ಮಾಡ್ಕೊಳ್ಳದೆ ಹಳೇದನ್ನ ಬೈಯೋರಿಗೆ ಎರಡು ಮಾತು. 2003ರ ಫುಲ್‌ಮೆಟಲ್, 1999ರ ಹಂಟರ್, 2001ರ ಫ್ರೂಟ್ಸ್ ಬಾಸ್ಕೆಟ್, ಮೂರೂ 4:3 ಅಳತೆಯಲ್ಲಿ ಮಾಡಿದ್ದು. ಎರಡೂ ಬದಿ ಕಪ್ಪು ಪಟ್ಟಿ ಬರೋದೇ ಸರಿ. ಟಿವಿಯಲ್ಲಿ ಪಿಕ್ಚರ್ ಸೈಜ್ "ವೈಡ್" ಅಥವಾ "ಸ್ಟ್ರೆಚ್" ಇದ್ರೆ ಮುಖ ಎಲ್ಲ ಇಡ್ಲಿ ಥರ ಅಗಲ ಆಗುತ್ತೆ, "4:3" ಅಥವಾ "ಒರಿಜಿನಲ್" ಮಾಡಿ. ಗೊತ್ತಿಲ್ಲದೆ ಹಳೇದು ಹಾಕ್ಕೊಂಡಿದ್ದೀರಾ ಅಂತ ತಿಳ್ಕೊಳ್ಳೋಕೂ ಆ ಪಟ್ಟಿಯೇ ಗುರುತು.

ಇನ್ನೊಂದು, ಮೋಷನ್ ಸ್ಮೂದಿಂಗ್ ಅನ್ನೋ ಆಯ್ಕೆ ಆಫ್ ಮಾಡಿ. ಸೆಕೆಂಡಿಗೆ 24 ಫ್ರೇಮ್ ಓಡಿದ್ರೂ ಅನಿಮೆಯಲ್ಲಿ ಒಂದೊಂದು ಚಿತ್ರ ಎರಡು ಮೂರು ಫ್ರೇಮ್ ನಿಲ್ಲುತ್ತೆ. ಟಿವಿ ಮಧ್ಯೆ ತಾನೇ ಚಿತ್ರ ಹುಟ್ಟಿಸೋಕೆ ಹೋದ್ರೆ ಹೊಡೆದಾಟದಲ್ಲಿ ಕೈಕಾಲು ಕಲಸಿದಂಗೆ ಕಾಣುತ್ತೆ. ಹಳೇದಕ್ಕೂ ಹೊಸದಕ್ಕೂ ಇದು ಒಂದೇ.

ಮೊಬೈಲಲ್ಲಿ ನೋಡೋರು: ಸಾಧಾರಣ ಗುಣಮಟ್ಟಕ್ಕೆ ಗಂಟೆಗೆ 1 ಜಿಬಿ, ಎಚ್‌ಡಿಗೆ 3 ಜಿಬಿ ತನಕ ಹೋಗಬಹುದು. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ರೆ ಎಚ್‌ಡಿ ಮುಟ್ಟಬೇಡಿ. ಮೈಸೂರಿಂದ ಬೆಂಗಳೂರಿಗೆ ರೈಲಲ್ಲಿ ಹೋಗೋರು ಮನೆ ವೈಫೈನಲ್ಲೇ ಆರು ಎಪಿಸೋಡ್ ಡೌನ್‌ಲೋಡ್ ಮಾಡ್ಕೊಂಡ್ರೆ ಪ್ರಯಾಣಕ್ಕೆ ಸರಿಹೋಗುತ್ತೆ.

ಕೇಳಿದವರು: ಕುವೆಂಪುನಗರ

ಹಂಗಾದ್ರೆ ಹೀಗೆ: ಸಂಜೆ ಮೂರು ಎಪಿಸೋಡ್ ಅಮ್ಮನ ಜೊತೆ ಫ್ರೂಟ್ಸ್ ಬಾಸ್ಕೆಟ್ 2019. ರಾತ್ರಿ ನಾನೂ ತಮ್ಮನೂ ಬ್ರದರ್‌ಹುಡ್, 2ರಿಂದ ಶುರು. ಇವ್ಯಾಂಜೆಲಿಯನ್ ಪರೀಕ್ಷೆ ಮುಗಿದ ಮೇಲೆ. ಸರೀನಾ?

ಶ್ರೀರಂಗಪಟ್ಟಣ

ಸರಿ. ಎರಡು ತಿದ್ದುಪಡಿ. ಬ್ರದರ್‌ಹುಡ್ 27ನೇದು ಬಹುಪಾಲು ಹಿಂದಿನದ್ದರ ಮೆಲುಕು, ಆತುರ ಇದ್ರೆ ಬಿಡಿ. ಪ್ರತಿ ಎಪಿಸೋಡಿನ ಕೊನೆಗೆ ಬರೋ "ಮುಂದಿನ ಸಂಚಿಕೆಯಲ್ಲಿ" ತುಣುಕನ್ನ ನೋಡದೆ ದಾಟಿಸಿ, ಅರ್ಧ ಗುಟ್ಟು ಅಲ್ಲೇ ರಟ್ಟಾಗುತ್ತೆ.

ಮಂಡ್ಯ

ಪಾತ್ರದ ಹೆಸರನ್ನ ಗೂಗಲ್ ಮಾಡಬ್ಯಾಡಿ. ಹೆಸರು ಬರೆದು ಮುಗ್ಸೋದ್ರೊಳಗೆ ಅವನು ಸಾಯ್ತಾನೋ ಉಳೀತಾನೋ ಅಂತ ಅದೇ ಕೆಳಗೆ ತೋರ್ಸ್ಬುಡ್ತದೆ.