ತೂಕದ ಕಾಟಾಕ್ಕೆ ಪ್ಲಗ್‌ಇನ್ ಬೇಕಾ, ಬ್ರೌಸರ್ ಒಂದೇ ಸಾಕಾ?

ಪ್ರಶ್ನೆ (ಕಾಫಿ ವ್ಯಾಪಾರಿ, ಚಿಕ್ಕಮಗಳೂರು):

ಮೇಡಂ, ನಮಸ್ಕಾರ. ನಮ್ಮದು ಕಾಫಿ ಖರೀದಿ ವ್ಯಾಪಾರ. ಚಿಕ್ಕಮಗಳೂರಿನಲ್ಲಿ ಒಂದು ಅಂಗಡಿ, ಮೂಡಿಗೆರೆಯಲ್ಲಿ ಇನ್ನೊಂದು. ಬೆಳೆಗಾರರು ಮೂಟೆ ತಂದರೆ ತೂಗಿ, ತೇವಾಂಶ, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪ್ರಮಾಣ) ನೋಡಿ ಚೀಟಿ ಕೊಡುತ್ತೇವೆ. ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದೆವು, ಆಮೇಲೆ ಎಕ್ಸೆಲ್ ಬಂತು. ಈಗ ಎರಡೂ ಅಂಗಡಿ ಲೆಕ್ಕ ಒಂದೇ ಕಡೆ ಸಿಗುವ ಹಾಗೆ ವೆಬ್ ಆ್ಯಪ್ ಮಾಡಿಸಬೇಕು. ಎರಡು ಕೊಟೇಶನ್ ಬಂದಿವೆ. ಮೊದಲನೆಯವರು ತಮ್ಮದೇ ಪ್ಲಗ್‌ಇನ್, ಅಂದರೆ ಬ್ರೌಸರ್‌ಗೆ ಜೋಡಿಸುವ ಪ್ರತ್ಯೇಕ ಪ್ರೋಗ್ರಾಂ, ಹಾಕುತ್ತಾರಂತೆ. ಕಾಟಾದ ತೂಕ ನೇರ ಸ್ಕ್ರೀನ್ ಮೇಲೆ ಬರುತ್ತದೆ, ಬಟನ್ ಒತ್ತಿದರೆ ಚೀಟಿ ಪ್ರಿಂಟ್ ಆಗುತ್ತದೆ. ಆದರೆ ವಿಂಡೋಸ್ ಮಾತ್ರ, ವರ್ಷ ವರ್ಷ ಲೈಸೆನ್ಸ್ ದುಡ್ಡು ಕಟ್ಟಬೇಕು. ಎರಡನೆಯವರು ಹಾಸನದ ಹುಡುಗರು. ಪ್ಲಗ್‌ಇನ್ ಏನೂ ಬೇಡ, ಎಲ್ಲ ಓಪನ್ ಸ್ಟ್ಯಾಂಡರ್ಡ್‌ನಲ್ಲೇ (ಎಲ್ಲರೂ ಒಪ್ಪಿದ, ಯಾರು ಬೇಕಾದರೂ ಬಳಸಬಹುದಾದ ನಿಯಮ) ಆಗುತ್ತದೆ, ಮೊಬೈಲ್‌ನಲ್ಲೂ ನಡೆಯುತ್ತದೆ ಅನ್ನುತ್ತಾರೆ. ಕಾಟಾ ಜೋಡಿಸುವ ಮಾತು ಬಂದಾಗ ಮಾತ್ರ ಸ್ವಲ್ಪ ತಡವರಿಸಿದರು. ಯಾರಿಗೆ ಕೊಡಲಿ?

ಉತ್ತರ (ವೆಬ್ ಎಂಜಿನಿಯರ್, ಹಾಸನ):

ನಮಸ್ಕಾರ ಸರ್. ಆ್ಯಪ್ ಪೂರ್ತಿ ಓಪನ್ ಸ್ಟ್ಯಾಂಡರ್ಡ್‌ನಲ್ಲೇ ಇರಲಿ. ಕಾಟಾ ಮತ್ತು ಪ್ರಿಂಟರ್ ಹತ್ತಿರ ಬೇರೇನಾದರೂ ಬೇಕಾದರೆ ಅದು ಚಿಕ್ಕದಾಗಿರಲಿ, ನಾಳೆ ಕಿತ್ತು ಬೇರೆಯದು ಹಾಕುವ ಹಾಗಿರಲಿ. ನಿಮ್ಮ ಖರೀದಿ ಲೆಕ್ಕ ಯಾವ ಕಾರಣಕ್ಕೂ ಒಬ್ಬರ ಪ್ಲಗ್‌ಇನ್ ಒಳಗೆ ಸಿಕ್ಕಿಕೊಳ್ಳಬಾರದು.

ಮೊದಲು ಪ್ಲಗ್‌ಇನ್‌ನವರನ್ನು ಒಂದು ವಿಷಯ ಕೇಳಿ: ನೀವು ಪ್ಲಗ್‌ಇನ್ ಅನ್ನುತ್ತಿರುವುದು ಏನು? ಯಾಕೆಂದರೆ ಹಳೇ ಕಾಲದ ಪ್ಲಗ್‌ಇನ್‌ಗೆ ಈಗಿನ ಬ್ರೌಸರ್‌ನಲ್ಲಿ ಜಾಗವೇ ಇಲ್ಲ. ಕ್ರೋಮ್ 2015ರ ಸೆಪ್ಟೆಂಬರ್‌ನಲ್ಲಿ ಆ ಬಾಗಿಲು ಮುಚ್ಚಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ವಿಡಿಯೋ, ಆಟ ತೋರಿಸುತ್ತಿದ್ದ ಅಡೋಬಿಯ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಕೈಬಿಟ್ಟಿತು. ಹಾಗಾಗಿ ಅವರದು ಕ್ರೋಮ್ ಎಕ್ಸ್‌ಟೆನ್ಷನ್ (ಬ್ರೌಸರ್ ಒಳಗೇ ಸೇರಿಸುವ ಚಿಕ್ಕ ಸೌಲಭ್ಯ) ಇರಬಹುದು, ಇಲ್ಲವೇ ಕಂಪ್ಯೂಟರ್‌ನಲ್ಲಿ ಹಿಂದೆ ಓಡುತ್ತಿರುವ ಪ್ರೋಗ್ರಾಂ ಇರಬಹುದು. ಇವೆರಡನ್ನೂ ಪರಿಶೀಲಿಸೋಣ. ಆದರೆ ಮೈಕ್ರೋಸಾಫ್ಟ್‌ನ ಹಳೇ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ (ಐಇ) ಕಾಲದ ಆ್ಯಕ್ಟಿವ್‌ಎಕ್ಸ್ ಪ್ಲಗ್‌ಇನ್ ಆಗಿದ್ದರೆ ಒಪ್ಪಲೇಬೇಡಿ. ಆ ಬ್ರೌಸರ್‌ನ ಆಯಸ್ಸು 2022ರ ಜೂನ್ 15ಕ್ಕೆ ಮುಗಿಯಿತು. ಅವರ ಈಗಿನ ಬ್ರೌಸರ್ ಎಡ್ಜ್‌ನಲ್ಲಿ ಹಳೇ ಪುಟ ತೆರೆಯಲು ಐಇ ಮೋಡ್ ಅಂತ ಇದೆ. ಅದನ್ನು 2029ರವರೆಗಾದರೂ ಇಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಅದು ಹಳೇ ಆ್ಯಪ್ ಬದಲಾಯಿಸಿಕೊಳ್ಳುವವರಿಗೆ ಕೊಟ್ಟ ಗಡುವು. ಹೊಸ ಆ್ಯಪ್ ಅದರ ಮೇಲೆ ಕಟ್ಟಬಾರದು.

ಪ್ಲಗ್‌ಇನ್‌ಗಳನ್ನು ಸುಮ್ನೆ ಬೈಯುವವಳು ನಾನಲ್ಲ. 2005ರಲ್ಲಿ ಯೂಟ್ಯೂಬ್ ಶುರುವಾದಾಗ ಬ್ರೌಸರ್‌ಗೆ ತಾನೇ ವಿಡಿಯೋ ತೋರಿಸಲು ಬರುತ್ತಿರಲಿಲ್ಲ. ಫ್ಲ್ಯಾಶ್ ಇದ್ದದ್ದಕ್ಕೇ ಅದು ನಡೆಯಿತು. ಪುಟ ಮತ್ತೆ ಲೋಡ್ ಆಗದೆ ಹಿಂದಿನಿಂದ ಡೇಟಾ ತರುವ ವಿದ್ಯೆ ಇದೆಯಲ್ಲ, ಇವತ್ತಿನ ವೆಬ್ ಆ್ಯಪ್‌ಗಳೆಲ್ಲ ಅದರ ಮೇಲೇ ಬೆಳೆದವು. ಅದೂ 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಆ್ಯಕ್ಟಿವ್‌ಎಕ್ಸ್ ತುಂಡಾಗಿಯೇ ಬಂದದ್ದು. ಒಳ್ಳೆಯದಿದೆ ಅಂತ ಗೊತ್ತಾದ ಮೇಲೆ ಬೇರೆ ಬ್ರೌಸರ್‌ನವರೂ ತೆಗೆದುಕೊಂಡರು, ಆಮೇಲೆ ಸ್ಟ್ಯಾಂಡರ್ಡ್ ಆಯಿತು. ಸ್ಟ್ಯಾಂಡರ್ಡ್ ನಿಧಾನ. ಎಲ್ಲರೂ ಕೂತು ಒಪ್ಪಬೇಕು. ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್ 5 ಅಂತಿಮ ಶಿಫಾರಸಾಗಿ ಹೊರಬಿದ್ದದ್ದು 2014ರ ಅಕ್ಟೋಬರ್‌ನಲ್ಲಿ.

ತೊಂದರೆ ಬರುವುದು ಪ್ಲಗ್‌ಇನ್ ಮಾಡಿದವರು ಸಾಕು ಅಂದಾಗ. ಫ್ಲ್ಯಾಶ್ ನಿಲ್ಲಿಸುತ್ತೇವೆ ಅಂತ ಅಡೋಬಿ 2017ರ ಜುಲೈನಲ್ಲಿ ಹೇಳಿತು. 2020ರ ಡಿಸೆಂಬರ್ 31ಕ್ಕೆ ಬೆಂಬಲ ಮುಗಿಯಿತು. 2021ರ ಜನವರಿ 12ರಿಂದ ಪ್ಲೇಯರ್ ತಾನೇ ಫ್ಲ್ಯಾಶ್ ಫೈಲ್‌ಗಳನ್ನು ತಡೆಯಲು ಶುರುಮಾಡಿತು. ಮೂರು ವರ್ಷ ಮೊದಲೇ ಹೇಳಿದ್ದರೂ ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ಫಾರಂ ಇನ್ನೂ ಫ್ಲ್ಯಾಶ್‌ನಲ್ಲೇ ಉಳಿದಿದ್ದವು. ಅದಕ್ಕೋಸ್ಕರ ಅವರು ಆ ತಿಂಗಳು ತಮ್ಮದೇ ಒಂದು ಬ್ರೌಸರ್ ಬಿಡುಗಡೆ ಮಾಡಬೇಕಾಯಿತು. ಒಂದು ದೇಶದ ಇಲಾಖೆ ಹಾಗೆ ಮಾಡಬಲ್ಲದು. ಎರಡು ಅಂಗಡಿ ಇರುವ ನೀವು ಏನು ಮಾಡುತ್ತೀರಿ? 2007ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಪ್ಲಗ್‌ಇನ್ ಸಿಲ್ವರ್‌ಲೈಟ್‌ನ ಕಥೆಯೂ 2021ರ ಅಕ್ಟೋಬರ್‌ಗೆ ಮುಗಿಯಿತು. ಅಡೋಬಿ, ಮೈಕ್ರೋಸಾಫ್ಟ್‌ನಂಥವರೇ ನಿಲ್ಲಿಸುತ್ತಾರೆ ಅಂದ ಮೇಲೆ, ನಿಮಗೆ ಕೊಟೇಶನ್ ಕೊಟ್ಟವರ ಪ್ಲಗ್‌ಇನ್ ಎಷ್ಟು ವರ್ಷ ಇರುತ್ತದೆ ಅಂತ ಕೇಳುವುದು ತಪ್ಪಲ್ಲ ಅಲ್ವಾ?

ಈಗ ಕಾಟಾಕ್ಕೆ ಬರೋಣ. ಹುಡುಗರು ತಡವರಿಸಿದ್ದು ಸಹಜ. ನಿಮ್ಮ ಕಾಟಾದ ಇಂಡಿಕೇಟರ್ (ತೂಕ ತೋರಿಸುವ ಡಬ್ಬ) ಹಿಂದೆ ಸಾಮಾನ್ಯವಾಗಿ ಒಂದು ಸೀರಿಯಲ್ ಪೋರ್ಟ್ ಇರುತ್ತದೆ, ಆರ್‌ಎಸ್ 232 ಅಂತ. ಅದರಿಂದ ಬರುವುದು ಬರೀ ಅಕ್ಷರಗಳ ಸಾಲು. ಹಲವು ಇಂಡಿಕೇಟರ್‌ಗಳಲ್ಲಿ ತೂಕ ನಿಂತಾಗ ಸಾಲಿನ ಮೊದಲಿಗೆ ಎಸ್‌ಟಿ ಅಂತ, ಮೂಟೆ ಇನ್ನೂ ಅಲುಗಾಡುತ್ತಿದ್ದರೆ ಯುಎಸ್ ಅಂತ ಬರುತ್ತದೆ, ಆಮೇಲೆ ಅಂಕಿ, ಕೊನೆಗೆ ಕೆಜಿ. ಇದನ್ನು ಓದಲು ಯಾರ ಗುಟ್ಟಿನ ಪ್ಲಗ್‌ಇನ್ನೂ ಬೇಡ. ಯುಎಸ್‌ಬಿ ಕನ್ವರ್ಟರ್ ಕೇಬಲ್ ಹಾಕಿದರೆ ಕ್ರೋಮ್, ಎಡ್ಜ್ ಎರಡೂ ವೆಬ್ ಸೀರಿಯಲ್ ಅನ್ನುವ ಸೌಲಭ್ಯದಿಂದ ನೇರವಾಗಿ ಓದುತ್ತವೆ. ಬಳಸುವವರು ಒಂದು ಸಲ ಪೋರ್ಟ್ ಆರಿಸಿ ಅನುಮತಿ ಕೊಡಬೇಕು, ಸೈಟ್ ಸುರಕ್ಷಿತ ಸಂಪರ್ಕದಲ್ಲಿ, ಅಂದರೆ ಎಚ್‌ಟಿಟಿಪಿಎಸ್‌ನಲ್ಲಿರಬೇಕು. ಆ್ಯಪ್ ಬರೆಯುವವರಿಗೆ ಒಂದು ಮಾತು ಖಂಡಿತ ಹೇಳಿ: ಎಸ್‌ಟಿ ಬಂದ ಸಾಲನ್ನು ಮಾತ್ರ ತೆಗೆದುಕೊಳ್ಳಬೇಕು. ಓಲಾಡುವ ತೂಕ ಚೀಟಿಗೆ ಹೋದರೆ ಬೆಳೆಗಾರರ ಜೊತೆ ಜಗಳ ಶುರುವಾಗುತ್ತದೆ. ಮತ್ತೆ, ಕೇಬಲ್ ಹಾಕುವ ನೆಪದಲ್ಲಿ ಇಂಡಿಕೇಟರ್‌ನ ಮಾಪನ ಇಲಾಖೆ ಸೀಲ್ ಮುಟ್ಟಲು ಯಾರಿಗೂ ಬಿಡಬೇಡಿ.

ಮೂಡಿಗೆರೆಯದು ಇನ್ನೊಂದು ಪಾಡು. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆ್ಯಪ್ ನೆಟ್ ಇಲ್ಲದಿದ್ದರೂ ತೆರೆಯಬೇಕು, ಚೀಟಿ ಬರೆಯಬೇಕು, ನೆಟ್ ಬಂದಾಗ ತಾನೇ ಕಳಿಸಬೇಕು. ಇದಕ್ಕೆ ಸರ್ವಿಸ್ ವರ್ಕರ್ (ನೆಟ್ ಇಲ್ಲದಿದ್ದರೂ ಆ್ಯಪ್ ತೆರೆಯುವಂತೆ ಮಾಡುವುದು), ಇಂಡೆಕ್ಸ್‌ಡ್‌ಡಿಬಿ (ಡೇಟಾವನ್ನು ಬ್ರೌಸರ್‌ನಲ್ಲೇ ಉಳಿಸುವುದು) ಅಂತ ಸ್ಟ್ಯಾಂಡರ್ಡ್ ಸೌಲಭ್ಯಗಳೇ ಇವೆ. ಎಲ್ಲ ದೊಡ್ಡ ಬ್ರೌಸರ್‌ನಲ್ಲೂ ನಡೆಯುತ್ತವೆ. ಆದರೆ ಐಫೋನ್ ಬಳಸುವವರಿದ್ದರೆ ಹುಷಾರು. ಸಫಾರಿಯಲ್ಲಿ ಸೈಟನ್ನು ಏಳು ದಿನ ಮುಟ್ಟದೆ ಬ್ರೌಸರ್ ಬಳಸುತ್ತಿದ್ದರೆ ಉಳಿಸಿದ ಡೇಟಾ ಅಳಿಸಿಹೋಗಬಹುದು. ಆ್ಯಪನ್ನು ಹೋಂ ಸ್ಕ್ರೀನ್‌ಗೆ ಸೇರಿಸಿಕೊಂಡರೆ ಆ ನಿಯಮ ತಾಗುವುದಿಲ್ಲ. ಹಾಸನದ ಹುಡುಗರಿಗೆ ಇದು ಗೊತ್ತಿದೆಯಾ ಅಂತ ಕೇಳಿ ನೋಡಿ. ಅವರ ಕೆಲಸ ಎಷ್ಟು ಗಟ್ಟಿ ಅಂತ ಅಲ್ಲೇ ತಿಳಿಯುತ್ತದೆ.

ಪ್ರಶ್ನೆ (ಅದೇ ವ್ಯಾಪಾರಿ):

ಬಹಳ ಉಪಕಾರ ಮೇಡಂ. ಚೀಟಿ ಕನ್ನಡದಲ್ಲೇ ಬರಬೇಕು ಅಂತ ನಮ್ಮ ಆಸೆ. ಪ್ಲಗ್‌ಇನ್‌ನವರು ತಮ್ಮ ಬಳಿ ಕನ್ನಡ ಫಾಂಟ್ ಇದೆ, ಬೇರೆಯವರಿಗೆ ಆಗಲ್ಲ ಅನ್ನುತ್ತಾರೆ. ನಿಜವಾ?

ಉತ್ತರ (ವೆಬ್ ಎಂಜಿನಿಯರ್):

ನಿಜ ಅಲ್ಲ ಸರ್. ಬಿಲ್ ಕೊಡುವ ಚಿಕ್ಕ ಥರ್ಮಲ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ, ಅಷ್ಟು ಮಾತ್ರ ನಿಜ. ಬ್ರೌಸರ್‌ನಿಂದ ಪ್ರಿಂಟ್ ಕೊಟ್ಟರೆ ಚೀಟಿ ಚಿತ್ರವಾಗಿ ಹೋಗುತ್ತದೆ. ಒತ್ತಕ್ಷರ, ದೀರ್ಘ ಎಲ್ಲ ಬ್ರೌಸರೇ ಸರಿಯಾಗಿ ಕೂರಿಸುತ್ತದೆ. ಇಲ್ಲಿ ನೋಡಬೇಕಾದ್ದು ಬೇರೆ. ಅವರು ಬೆಳೆಗಾರರ ಹೆಸರನ್ನು ಯುನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತದ ಸ್ಟ್ಯಾಂಡರ್ಡ್) ಉಳಿಸುತ್ತಾರಾ, ಹಳೇ ಫಾಂಟ್‌ನ ಸಂಕೇತದಲ್ಲಾ? ಹಳೇ ನುಡಿ, ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರ ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದ್ದದ್ದು ನಿಮಗೂ ನೆನಪಿರಬೇಕು. ಆ ಫಾಂಟ್ ಇದ್ದವರಿಗೆ ಮಾತ್ರ ಕನ್ನಡ. ಯುನಿಕೋಡ್ ಬಂದ ಮೇಲೆ ತಾನೇ ನಮ್ಮ ಭಾಷೆ ಎಲ್ಲ ಫೋನಿನಲ್ಲೂ, ಎಲ್ಲ ಹುಡುಕಾಟದಲ್ಲೂ ಸಿಗುವಂತಾದದ್ದು. ಕನ್ನಡದವರಿಗೆ ಓಪನ್ ಸ್ಟ್ಯಾಂಡರ್ಡ್ ಕೊಟ್ಟ ದೊಡ್ಡ ಲಾಭ ಇದು. ಇಷ್ಟಾದ ಮೇಲೆ ಮತ್ತೆ ಹಿಂದಕ್ಕೆ ಹೋಗುವುದು ಬೇಡ.

ಒಂದು ಕೊರತೆ ಇದೆ. ಬ್ರೌಸರ್‌ನಿಂದ ಪ್ರಿಂಟ್ ಕೊಟ್ಟರೆ ಪ್ರತಿ ಸಲ ಪ್ರಿಂಟ್ ಡಬ್ಬ ತೆರೆದು ಕೇಳುತ್ತದೆ. ರೊಬಸ್ಟಾ ಸೀಸನ್‌ನಲ್ಲಿ ಸಾಲು ನಿಂತಿರುವಾಗ ಅದು ಕಿರಿಕಿರಿ. ಕ್ರೋಮನ್ನು ಕಿಯಾಸ್ಕ್ ಪ್ರಿಂಟಿಂಗ್ ಸೆಟ್ಟಿಂಗ್‌ನಲ್ಲಿ ಶುರುಮಾಡಿದರೆ ಕೇಳದೆ ಪ್ರಿಂಟ್ ಆಗುತ್ತದೆ. ಅದೂ ಬೇಡ ಅಂದರೆ ಕ್ಯೂಜೆಡ್ ಟ್ರೇ ಅಂತ ಓಪನ್ ಸೋರ್ಸ್ ಪ್ರೋಗ್ರಾಂ ಇದೆ. ಅದು ಮೊದಲು ಜಾವಾ ಆ್ಯಪ್ಲೆಟ್, ಅಂದರೆ ಬ್ರೌಸರ್ ಒಳಗೆ ಪ್ಲಗ್‌ಇನ್ ಮೂಲಕ ಓಡುವ ಪ್ರೋಗ್ರಾಂ, ಆಗಿತ್ತು. ಬ್ರೌಸರ್‌ಗಳು ಆ್ಯಪ್ಲೆಟ್ ಕೈಬಿಟ್ಟಾಗ ಹೊರಗೆ ಬಂದು, ಈಗ ಕಂಪ್ಯೂಟರ್‌ನಲ್ಲೇ ಓಡುತ್ತಾ ವೆಬ್‌ಸಾಕೆಟ್ ಅನ್ನುವ ಸಂಪರ್ಕದ ಮೂಲಕ ಆ್ಯಪ್ ಜೊತೆ ಮಾತಾಡುತ್ತದೆ. ಸೀರಿಯಲ್ ಪೋರ್ಟನ್ನೂ ಓದುತ್ತದೆ. ಹುಡುಗರಿಗೆ ಇದನ್ನು ತೋರಿಸಿ.

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ):

ಮೇಡಂ, ವೆಬ್ ಸೀರಿಯಲ್ ನಿಜವಾಗಿ ಓಪನ್ ಸ್ಟ್ಯಾಂಡರ್ಡಾ? ಗೂಗಲ್ ಮಾಡಿದ್ದನ್ನೇ ಸ್ಟ್ಯಾಂಡರ್ಡ್ ಅಂದರೆ ಅದೂ ಒಂಥರಾ ಪ್ಲಗ್‌ಇನ್ ಅಲ್ವಾ?

ಉತ್ತರ (ವೆಬ್ ಎಂಜಿನಿಯರ್):

ನೀನು ಕೇಳಿದ್ದು ಸರಿಯಾಗಿದೆ. ವೆಬ್ ಸೀರಿಯಲ್ 2021ರಲ್ಲಿ ಕ್ರೋಮ್ 89ರಲ್ಲಿ ಬಂತು. ಅದರ ವಿವರಣೆ ಎಲ್ಲರಿಗೂ ತೆರೆದಿದೆ, ಆದರೆ ಅದು ವೆಬ್ ಸ್ಟ್ಯಾಂಡರ್ಡ್ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸು ಮಟ್ಟಕ್ಕೆ ಬಂದದ್ದಲ್ಲ. ಐಫೋನ್‌ನ ಸಫಾರಿಯಲ್ಲಿ ಇಲ್ಲ. ಹಾಗಾಗಿ ಅದನ್ನು ಎಚ್‌ಟಿಎಂಎಲ್‌ನ ಸಾಲಿಗೆ ಸೇರಿಸಬೇಡ. ಇನ್ನೊಂದು ಉದಾಹರಣೆ ನೋಡು. ಸಿನಿಮಾ ತಾಣಗಳು ನಕಲು ತಡೆಯಲು ಬಳಸುವ ಇಎಂಇ 2017ರಲ್ಲಿ ಡಬ್ಲ್ಯು3ಸಿ ಶಿಫಾರಸೇ ಆಯಿತು. ಆದರೆ ಬೀಗ ತೆಗೆಯುವ ತುಂಡು, ಅಂದರೆ ವೈಡ್‌ವೈನ್‌ನಂಥದ್ದು, ಈಗಲೂ ಕಂಪನಿಯ ಸ್ವಂತ. ಇದನ್ನು ಒಪ್ಪದೆ ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಇಎಫ್‌ಎಫ್ ಸಂಸ್ಥೆ ಡಬ್ಲ್ಯು3ಸಿಯಿಂದಲೇ ಹೊರಬಂತು. ಓಪನ್ ಅಂತ ಹೆಸರಿದ್ದ ಮಾತ್ರಕ್ಕೆ ನಂಬಬೇಡ. ಎಷ್ಟು ಬ್ರೌಸರ್ ಅದನ್ನು ಬೇರೆ ಬೇರೆಯಾಗಿ ಬರೆದಿವೆ ನೋಡು. ಎರಡು ಮೂರು ಎಂಜಿನ್‌ನಲ್ಲಿ (ಬ್ರೌಸರ್ ಒಳಗಿನ ಮುಖ್ಯ ಪ್ರೋಗ್ರಾಂ) ಇದ್ದರೆ ಧೈರ್ಯವಾಗಿ ಬಳಸು. ಒಂದರಲ್ಲೇ ಇದ್ದರೆ ಅದಿಲ್ಲದೆಯೂ ಆ್ಯಪ್ ನಡೆಯುವ ಹಾಗೆ ಬರೆ. ಕಾಟಾದ ವಿಷಯದಲ್ಲಿ ಅಂದರೆ, ಪೋರ್ಟ್ ಸಿಗದಿದ್ದರೆ ತೂಕವನ್ನು ಕೈಯಲ್ಲಿ ಟೈಪ್ ಮಾಡುವ ಜಾಗ ಇರಲೇಬೇಕು, ಹಾಗೆ ಟೈಪ್ ಮಾಡಿದ್ದು ಅಂತ ಚೀಟಿಯಲ್ಲಿ ಗುರುತೂ ಇರಬೇಕು.

ಪ್ರಶ್ನೆ (ಬೆಳೆಗಾರ, ಸಕಲೇಶಪುರ):

ನಮ್ಮ ತೋಟದ ಕಣದಲ್ಲಿ ಸಿಸಿಟಿವಿ ಇದೆ. ಹಳೇ ಡಿವಿಆರ್ (ರೆಕಾರ್ಡರ್). ಬ್ರೌಸರ್‌ನಲ್ಲಿ ತೆರೆದರೆ ಪ್ಲಗ್‌ಇನ್ ಹಾಕಿ ಅನ್ನುತ್ತದೆ, ಹಾಕಿದರೂ ಏನೂ ಕಾಣುವುದಿಲ್ಲ. ಹೊಸದೇ ತೆಗೆದುಕೊಳ್ಳಬೇಕಾ ಅಕ್ಕಾ?

ಉತ್ತರ (ವೆಬ್ ಎಂಜಿನಿಯರ್):

ಅವಸರ ಬೇಡ ಅಣ್ಣ. ಅದು ಆ್ಯಕ್ಟಿವ್‌ಎಕ್ಸ್ ಇರಬೇಕು. ಎಡ್ಜ್ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಬ್ರೌಸರ್ ಅನ್ನುವ ಕಡೆ ಐಇ ಮೋಡ್‌ಗೆ ಅನುಮತಿ ಕೊಟ್ಟು, ಡಿವಿಆರ್ ವಿಳಾಸವನ್ನು ಪಟ್ಟಿಗೆ ಸೇರಿಸಿ. 30 ದಿನಕ್ಕೊಮ್ಮೆ ಮತ್ತೆ ಸೇರಿಸಬೇಕಾಗುತ್ತದೆ. ಇನ್ನೂ ಒಳ್ಳೆಯ ದಾರಿ, ಡಿವಿಆರ್‌ನಲ್ಲಿ ನೇರ ವಿಡಿಯೋ ಕಳಿಸುವ ಆರ್‌ಟಿಎಸ್‌ಪಿ ಸೌಲಭ್ಯ ಇದೆಯಾ ನೋಡಿ. ಇದ್ದರೆ ವಿಎಲ್‌ಸಿ ಪ್ಲೇಯರ್‌ನಲ್ಲೇ ಚಿತ್ರ ಬರುತ್ತದೆ. ಮುಂದೆ ಹೊಸದು ಕೊಳ್ಳುವಾಗ ಒನ್‌ವಿಫ್ ಬೆಂಬಲ ಇದೆಯಾ ಅಂತ ಕೇಳಿ ಕೊಳ್ಳಿ. ಆಗ ಒಂದು ಕಂಪನಿಯ ಕ್ಯಾಮೆರಾ ಇನ್ನೊಂದು ಕಂಪನಿಯ ರೆಕಾರ್ಡರ್ ಜೊತೆ ಹೊಂದಿಕೊಳ್ಳುತ್ತದೆ. ಹಳೇ ಡಿವಿಆರನ್ನು ಮಾತ್ರ ನೇರವಾಗಿ ಇಂಟರ್ನೆಟ್‌ಗೆ ತೆರೆದಿಡಬೇಡಿ.

ಪ್ರಶ್ನೆ (ಕಾಫಿ ವ್ಯಾಪಾರಿ):

ಮೇಡಂ, ಕೊನೆಯದಾಗಿ. ಹುಡುಗರಿಗೇ ಕೊಡೋಣ ಅಂತಿದ್ದೇನೆ. ಒಪ್ಪಂದದಲ್ಲಿ ಏನು ಬರೆಸಲಿ?

ಉತ್ತರ (ವೆಬ್ ಎಂಜಿನಿಯರ್):

ಕೊಡಿ ಸರ್. ಎಲ್ಲ ಖರೀದಿ ದಾಖಲೆ ಕೇಳಿದಾಗ ಎಕ್ಸೆಲ್‌ನಲ್ಲೂ ತೆರೆಯುವ ಸಿಎಸ್‌ವಿ ಫೈಲ್ ಆಗಿ, ಯುನಿಕೋಡ್‌ನಲ್ಲಿ ನಿಮಗೆ ಸಿಗಬೇಕು ಅಂತ ಬರೆಸಿ. ಡೊಮೈನ್ ಮತ್ತು ಸರ್ವರ್ ಖಾತೆ ನಿಮ್ಮ ಹೆಸರಲ್ಲಿರಲಿ. ಕಾಟಾ ಓದುವ ಭಾಗದ ಕೋಡ್ ನಿಮಗೂ ಒಂದು ಪ್ರತಿ ಕೊಡಲಿ. ಇಂಡಿಕೇಟರ್‌ನ ಮ್ಯಾನುಯಲ್ ಹುಡುಕಿ ಅವರ ಕೈಗೆ ಇವತ್ತೇ ಕೊಡಿ. ಅದರಲ್ಲಿ ಬಾಡ್ ರೇಟ್ (ಡೇಟಾ ಬರುವ ವೇಗ), ಸಾಲಿನ ನಮೂನೆ ಎಲ್ಲ ಇರುತ್ತದೆ, ಅದಿಲ್ಲದಿದ್ದರೆ ಅರ್ಧ ಸಮಯ ಊಹೆಯಲ್ಲೇ ಹೋಗುತ್ತದೆ. ದುಡ್ಡಿನ ಕೊನೆಯ ಕಂತನ್ನು ಮೂಡಿಗೆರೆ ಅಂಗಡಿಯಲ್ಲಿ ನೆಟ್ ತೆಗೆದು, ಮೂಟೆ ತೂಗಿ, ಚೀಟಿ ಬಂದು, ನೆಟ್ ಹಾಕಿದಾಗ ಚಿಕ್ಕಮಗಳೂರಿನಲ್ಲಿ ಆ ಲೆಕ್ಕ ಕಂಡ ಮೇಲೆ ಕೊಡಿ.