ಅಪ್‌ಡೇಟ್: ಕೂಡು-ಕಳೆ-ಗುಣಿಸು-ಭಾಗಿಸು ಸರಣಿ, 9ನೇ ಪದದಲ್ಲಿ ದಾರಿ ಕವಲೊಡೆಯುವುದೇಕೆ

ಪ್ರಶ್ನೆ ಇದಾಗಿತ್ತು: 1ರಿಂದ ಶುರುಮಾಡಿ 2ನ್ನು ಕೂಡಿ, 3ನ್ನು ಕಳೆದು, 4ರಿಂದ ಗುಣಿಸಿ, 5ರಿಂದ ಭಾಗಿಸಿ, ಮತ್ತೆ 6ನ್ನು ಕೂಡಿ... ಹೀಗೇ ಸಾಗಿದರೆ ಪೈಥಾನ್‌ಗೂ ಸಿ ಭಾಷೆಗೂ (ಎರಡೂ ಪ್ರೋಗ್ರಾಮಿಂಗ್ ಭಾಷೆಗಳು) ಉತ್ತರ ಬೇರೆ ಏಕೆ? ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್, ಬಗೆಹರಿಯಿತು.

ಮೊದಲ 8 ಪದ ಎರಡರಲ್ಲೂ ಒಂದೇ: 1, 3, 0, 0, 0, 6, −1, −8. ಒಂಬತ್ತನೆಯದು −8 ÷ 9. ಪೈಥಾನ್‌ನ // (ಪೂರ್ಣಾಂಕ ಭಾಗಾಕಾರದ ಚಿಹ್ನೆ) ಕೆಳಗಿನ ಪೂರ್ಣಾಂಕಕ್ಕೆ ಇಳಿಸಿ −1 ಕೊಡುತ್ತದೆ. ಸಿ ಭಾಷೆಯ / ಪೂರ್ಣಾಂಕಗಳನ್ನು ಭಾಗಿಸುವಾಗ ದಶಮಾಂಶ ಭಾಗವನ್ನು ಕತ್ತರಿಸಿ 0 ಕೊಡುತ್ತದೆ. ಋಣ ಸಂಖ್ಯೆ ಬರುವವರೆಗೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ಮಜಾ ಇರುವುದು ಮುಂದೆ. ಕೂಡಿ-ಕಳೆಯುವ ಜೋಡಿಯ ಒಟ್ಟು ಫಲ ಪ್ರತಿ ಸುತ್ತಿನಲ್ಲೂ −1. ಬಳಿಕ n ರಿಂದ ಗುಣಿಸಿ n+1ರಿಂದ ಭಾಗಿಸಿದಾಗ ಬೆಲೆ ಸೊನ್ನೆಯತ್ತ ಕೂದಲೆಳೆಯಷ್ಟು ಸರಿಯುತ್ತದೆ. ಪೈಥಾನ್ ಅದನ್ನು ವಾಪಸ್ ಕೆಳಗೆಳೆಯುವುದರಿಂದ 5, 9, 13, 17ನೇ ಪದಗಳು 0, −1, −2, −3. ಸಿ ಭಾಷೆಯಲ್ಲಿ ಅವೆಲ್ಲ 0.

ನಿಖರ ಬೆಲೆಯೇ ಬೇಕಿದ್ದರೆ ಫ್ಲೋಟ್ (ಅಂದಾಜು ದಶಮಾಂಶ ಬೆಲೆ) ಬೇಡ, ಭಿನ್ನರಾಶಿಯ ಲೈಬ್ರರಿ ಬಳಸಿ: 9ನೇ ಪದ −8/9, 13ನೆಯದು −68/39. ಕೂಡು, ಕಳೆ, ಗುಣಿಸು, ಭಾಗಿಸುಗಳಿಗೆ 0, 1, 2, 3 ಎಂದು ಅಂಕೆ ಕೊಟ್ಟು, n ಎಂಬ ಸಂಖ್ಯೆಯ ಸರದಿಗೆ ಕ್ರಿಯೆ ಆರಿಸಲು (n−2) % 4 ಇರಲಿ (% ಎಂದರೆ ಭಾಗಿಸಿದಾಗ ಉಳಿಯುವ ಶೇಷ). ಬರೀ n % 4 ಹಾಕಿದರೆ 2ರಲ್ಲೇ ಗುಣಾಕಾರ ಶುರುವಾಗುತ್ತದೆ.