62 ದಿನ ಕ್ವಿಜ್ ಮಾಡಿದೆ, ಮಂಡಿ ಲೆಕ್ಕದಲ್ಲಿ ಸೊನ್ನೆ ಬಂತು

ಟೊಮೆಟೊ_ಗುಮಾಸ್ತ (ಕೋಲಾರ):

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿಸಿ ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಡೇಟಾ ಕೆಲಸ ಹಿಡಿಯುವ ಆಸೆ, ಅದಕ್ಕೇ ಎಸ್‌ಕ್ಯೂಎಲ್ (ಟೇಬಲ್‌ಗಳಲ್ಲಿಟ್ಟ ಡೇಟಾದಿಂದ ಬೇಕಾದ್ದನ್ನು ಕೇಳಿ ತೆಗೆಯುವ ಭಾಷೆ) ಕಲಿಯುತ್ತಿದ್ದೇನೆ. ನಾವು ನಾಲ್ಕು ಜನ ಸ್ನೇಹಿತರು. ದಿನಾ ಬೆಳಿಗ್ಗೆ 7ಕ್ಕೆ ಒಬ್ಬರು ವಾಟ್ಸಾಪ್‌ಗೆ ಒಂದು ಪ್ರಶ್ನೆ ಹಾಕುತ್ತಾರೆ. ನಾಲ್ಕು ಆಯ್ಕೆ, ರಾತ್ರಿ 9ಕ್ಕೆ ಉತ್ತರ. 62 ದಿನ ಆಯಿತು. ನನ್ನದು 51 ಸರಿ. ಸುಮ್ನೆ ಹೇಳಬಾರದು, ನಾಲ್ವರಲ್ಲಿ ನಾನೇ ಮುಂದೆ.

ಹೋದ ವಾರ ಸಾಹುಕಾರರು ಕೇಳಿದರು: "ನಮ್ಮ ಕ್ರೇಟ್ ತಗೊಂಡು ಹೋದವರಲ್ಲಿ ಈ ವಾರ ಯಾರ್ಯಾರು ಮಾಲು ಹಾಕಿಲ್ಲ, ಪಟ್ಟಿ ಕೊಡಪ್ಪ." ಪುಸ್ತಕ ನೋಡಿ ಬರೆದರೆ ಅರ್ಧ ದಿನ ಬೇಕು. ಎಲ್ಲವನ್ನೂ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್‌ಗೆ ಹಾಕಿಟ್ಟಿದ್ದೆ, ಧೈರ್ಯವಾಗಿ ಬರೆದೆ. ಓದೋಕೆ ಸುಲಭ ಆಗಲಿ ಅಂತ ಇಲ್ಲಿ ಕನ್ನಡದಲ್ಲೇ ಹಾಕಿದ್ದೇನೆ:

ಸೆಲೆಕ್ಟ್ ಹೆಸರು ಫ್ರಂ ರೈತರು
ವೇರ್ ಐಡಿ ನಾಟ್ ಇನ್
(ಸೆಲೆಕ್ಟ್ ರೈತ_ಐಡಿ ಫ್ರಂ ಈ_ವಾರದ_ಲಾಟು);

ಅಂದರೆ, ಕ್ರೇಟ್ ತಗೊಂಡ ರೈತರಲ್ಲಿ ಯಾರ ಐಡಿ ಈ ವಾರದ ಲಾಟುಗಳಲ್ಲಿ (ಬಂದ ಮಾಲಿನಲ್ಲಿ) ಇಲ್ಲವೋ ಅವರ ಹೆಸರು ಕೊಡು ಅಂತ. ಒಂದು ಸಾಲೂ ಬರಲಿಲ್ಲ. ಅಂದರೆ ಎಲ್ಲರೂ ಮಾಲು ಹಾಕಿದ್ದಾರೆ ಅಂತ ಅಲ್ವಾ? ಆದರೆ ಶ್ರೀನಿವಾಸಪುರ ಕಡೆಯ ಇಬ್ಬರು ಈ ವಾರ ಮಂಡಿಗೆ ಕಾಲೇ ಇಟ್ಟಿಲ್ಲ, ಅದು ನನಗೇ ಗೊತ್ತು. 'ನಾಟ್' ತೆಗೆದು ಬರೀ 'ಇನ್' ಹಾಕಿದರೆ 87 ಹೆಸರು ಬರುತ್ತವೆ. ಒಟ್ಟು ರೈತರು 128. ಹಾಗಾದರೆ ಉಳಿದ 41 ಜನ ಎಲ್ಲಿಗೆ ಹೋದರು?

ಬೇಜಾರಾಗಿದ್ದು ಇನ್ನೊಂದಕ್ಕೆ. 'ನಾಟ್ ಇನ್' ಮೇಲೆ ನಮ್ಮ ಕ್ವಿಜ್‌ನಲ್ಲಿ ಎರಡು ಪ್ರಶ್ನೆ ಬಂದಿದ್ದವು. ಎರಡೂ ಸರಿ ಮಾಡಿದ್ದೆ. ಹೀಗೆ ಕಲಿಯುವುದೇ ತಪ್ಪಾ?

ತುಮಕೂರಿನಿಂದ:

ಗುರು, ಕ್ವಿಜ್ ಬಿಡು. ಎ, ಬಿ, ಸಿ, ಡಿ ಒತ್ತಿದರೆ ಪರೀಕ್ಷೆ ಪಾಸಾಗಬಹುದು, ಕೆಲಸ ಬರಲ್ಲ. ನಿನ್ನ ಹತ್ತಿರ ನಿಜವಾದ ಮಂಡಿ ಲೆಕ್ಕ ಇದೆ. ಅಂಥದ್ದು ಎಷ್ಟು ಜನಕ್ಕೆ ಸಿಗುತ್ತೆ? ಅದರಲ್ಲೇ ಏನಾದರೂ ಮಾಡು.

ಬಂಗಾರಪೇಟೆ_ಪ್ಯಾಸೆಂಜರ್:

ತಮ್ಮಾ, ಲಾಟಿನ ಟೇಬಲ್‌ನಲ್ಲಿ ರೈತ_ಐಡಿ ಖಾಲಿ ಇರುವ ಸಾಲು ಇದೆಯಾ ನೋಡು. ಇದ್ದೇ ಇರುತ್ತೆ. ಒಂದೇ ಒಂದು ನಲ್ (ಖಾಲಿ ಬಿಟ್ಟ ಮನೆ) ಸಾಕು, ಪಟ್ಟಿ ಪೂರ್ತಿ ಮಾಯ.

ಏಕೆ ಅಂದರೆ, 'ನಾಟ್ ಇನ್' ಒಳಗೊಳಗೆ ಒಂದೊಂದಾಗಿ ಹೋಲಿಸುತ್ತೆ. ಈ ವಾರದ ಪಟ್ಟಿ 3, 5, ನಲ್ ಅಂತ ಇಟ್ಟುಕೋ. 7ನೇ ರೈತ ಇದರಲ್ಲಿ ಇಲ್ಲವಾ ಅಂತ ಕೇಳಿದೆ. 7 ಅಂದರೆ 3 ಅಲ್ಲ, ನಿಜ. 5 ಅಲ್ಲ, ಅದೂ ನಿಜ. 7 ಅಂದರೆ ನಲ್ ಅಲ್ಲ ಅನ್ನಬಹುದಾ? ಅನ್ನೋಕಾಗಲ್ಲ, ನಲ್ ಯಾರು ಅಂತಲೇ ಗೊತ್ತಿಲ್ಲವಲ್ಲ. ನಿಜ, ನಿಜ, ಗೊತ್ತಿಲ್ಲ. ಮೂರನ್ನೂ 'ಆಂಡ್' ಹಾಕಿ ಸೇರಿಸಿದರೆ ಬರುವುದು 'ಗೊತ್ತಿಲ್ಲ'. 'ವೇರ್' ಬಾಗಿಲಲ್ಲಿ ನಿಜ ಅಂದವರಿಗೆ ಮಾತ್ರ ಪ್ರವೇಶ. ಹಾಗಾಗಿ 7 ಆಚೆ. ಉಳಿದವರ ಕತೆಯೂ ಅದೇ.

'ಇನ್' ಹಾಕಿದಾಗ ಈ ಕಾಟ ಕಾಣಲ್ಲ. ಅಲ್ಲಿ ಒಂದು ಕಡೆ ತಾಳೆಯಾದರೆ ಮುಗಿಯಿತು, ಪಕ್ಕದಲ್ಲಿ ನಲ್ ಇದ್ದರೂ ಲೆಕ್ಕಕ್ಕಿಲ್ಲ. ಒಳಗಿನ ಸೆಲೆಕ್ಟ್‌ಗೆ 'ವೇರ್ ರೈತ_ಐಡಿ ಈಸ್ ನಾಟ್ ನಲ್' ಸೇರಿಸು, ಖಾಲಿ ಸಾಲು ಬಿಟ್ಟುಹೋಗುತ್ತೆ. ಇಲ್ಲವೇ 'ನಾಟ್ ಎಗ್ಸಿಸ್ಟ್ಸ್' (ಆ ರೈತನ ಸಾಲೇ ಇಲ್ಲವಾ ಅಂತ ನೋಡುವುದು) ಹಾಕಿ ಬರೆ. ನಾನು ಎರಡನೆಯದನ್ನೇ ಬರೆಯುವುದು, ಒಮ್ಮೆ ಪೆಟ್ಟು ತಿಂದಿದ್ದೇನೆ.

ಕ್ವಿಜ್ ತಪ್ಪಲ್ಲ. ನಾವು ಮೂವರು ಬೆಳಿಗ್ಗೆ ಬೆಂಗಳೂರಿನ ಟ್ರೈನ್‌ನಲ್ಲಿ ಇದನ್ನೇ ಮಾಡುತ್ತೇವೆ. ನಿಯಮ ಒಂದೇ. ಉತ್ತರ ಹೇಳಿದವನು ಏಕೆ ಅಂತಲೂ ಹೇಳಬೇಕು, ಲ್ಯಾಪ್‌ಟಾಪ್ ತೆಗೆಯುವ ಮುಂಚೆ. ಸರಿ ಹೇಳಿದವನು ಕಾರಣ ತಪ್ಪು ಹೇಳಿದರೆ ಅವತ್ತಿನ ಟೀ ಅವನ ಲೆಕ್ಕ. ಮಾಲೂರು ದಾಟುವ ಹೊತ್ತಿಗೆ ಜಗಳ ಶುರುವಾಗಿರುತ್ತೆ, ಪಕ್ಕದ ಸೀಟಿನವರು ಎದ್ದು ಹೋಗಿದ್ದೂ ಉಂಟು. ಒಂದು ದಿನವಂತೂ ಇದನ್ನು ಎಸ್‌ಕ್ಯೂಎಲ್ ಅನ್ನಬೇಕೋ ಸೀಕ್ವೆಲ್ ಅನ್ನಬೇಕೋ ಅಂತಲೇ ವೈಟ್‌ಫೀಲ್ಡ್‌ವರೆಗೂ ಕಿತ್ತಾಡಿದೆವು. 1974ರಲ್ಲಿ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ ಇಟ್ಟ ಮೊದಲ ಹೆಸರು ಸೀಕ್ವೆಲ್ಲೇ. ಆ ಹೆಸರಿನ ಟ್ರೇಡ್‌ಮಾರ್ಕ್ ಬೇರೆಯವರ ಹತ್ತಿರ ಇತ್ತು ಅಂತ ಆಮೇಲೆ ಬದಲಾಯಿಸಿದರು. ಅವತ್ತು ಟೀ ನಾನು ಕೊಡಿಸಿದೆ.

ಶಿಡ್ಲಘಟ್ಟದ_ಅಕ್ಕ:

ತಮ್ಮಾ, ನಿಮ್ಮ ಕ್ವಿಜ್‌ನ ಟೇಬಲ್‌ಗಳು ಹೇಗಿರುತ್ತವೆ ಹೇಳು. ಐದು ಸಾಲು, ಎಲ್ಲಾ ಮನೆಯೂ ತುಂಬಿರುತ್ತೆ ಅಲ್ವಾ? ಅಂಥದ್ದರಲ್ಲಿ 'ನಾಟ್ ಇನ್' ಯಾವತ್ತೂ ಕೈ ಕೊಡಲ್ಲ. ನೀನು ಸರಿ ಉತ್ತರವನ್ನೇ ಕೊಟ್ಟಿದ್ದೀಯ, ಪ್ರಶ್ನೆ ಮಾತ್ರ ತೀರಾ ಸಾಧು.

ನಾನು ಕಲಿತದ್ದು ರೇಷ್ಮೆ ಗೂಡಿನ ಲೆಕ್ಕದಿಂದ. ನಮ್ಮಲ್ಲಿ ಹರಾಜಿನಲ್ಲಿ ಬಂದ ರೇಟು ಒಪ್ಪಿಗೆ ಆಗದಿದ್ದರೆ ರೈತ ಲಾಟು ಕೊಡಲ್ಲ. ಆ ಲಾಟಿಗೆ ರೇಟೇ ಇಲ್ಲ, ನಲ್. ಮೂರು ಲಾಟು ಇದೆ ಅನ್ನು: 500, 600, ನಲ್. ಆವರೇಜ್ ಎಷ್ಟು? ನಮ್ಮ ಮನೆಯವರು 366 ಚಿಲ್ಲರೆ ಅಂದರು. ಬರುವುದು 550, ಏಕೆಂದರೆ ನಲ್ ಅನ್ನು ಬಿಟ್ಟು ಎರಡರಿಂದಲೇ ಭಾಗಿಸುತ್ತೆ. ಎಲ್ಲಾ ಸಾಲು ಎಣಿಸುವ ಕೌಂಟ್ ಸ್ಟಾರ್ ಹಾಕಿದರೆ 3, ರೇಟು ಇರುವ ಸಾಲು ಮಾತ್ರ ಎಣಿಸುವ ಕೌಂಟ್ ರೇಟು ಅಂದರೆ 2. ಯಾರೋ ಪುಣ್ಯಾತ್ಮರು ಖಾಲಿ ಬಿಡಬಾರದು ಅಂತ ಸೊನ್ನೆ ತುಂಬಿದರೆ ಮಾತ್ರ ಮನೆಯವರ ಲೆಕ್ಕ ಸರಿ, ಮಾರುಕಟ್ಟೆ ಲೆಕ್ಕ ತಪ್ಪು.

ನಾನು ಹೇಳೋದು, ಇನ್ಮೇಲೆ ಪ್ರಶ್ನೆಯನ್ನು ನೆಟ್‌ನಿಂದ ಎತ್ತಿ ಹಾಕಬೇಡಿ. ಸರದಿ ಪ್ರಕಾರ ನೀವೇ ಮಾಡಿ. ನಾಲ್ಕು ಆಯ್ಕೆ ಬರೆಯೋಕೆ ಕೂತರೆ ಮೂರು ತಪ್ಪು ಉತ್ತರ ಹುಡುಕಬೇಕು, ನಂಬುವ ಹಾಗಿರುವ ತಪ್ಪು. ಅದು ಸರಿ ಉತ್ತರಕ್ಕಿಂತ ಕಷ್ಟ.

ತುಮಕೂರಿನಿಂದ:

ಅಕ್ಕ ಹೇಳಿದ್ದು ಒಪ್ಪಿದೆ. ಆದರೂ ಬರೀ ಕ್ವಿಜ್ ಸಾಲದು ಅಂತ ಇನ್ನೊಂದು ಸಲ ಹೇಳಿ ಸುಮ್ಮನಾಗ್ತೀನಿ.

ಟೊಮೆಟೊ_ಗುಮಾಸ್ತ (ಕೋಲಾರ):

ಅಣ್ಣ, ಅಕ್ಕ, ಇಬ್ಬರಿಗೂ ಥ್ಯಾಂಕ್ಸ್. ಹುಡುಕಿದೆ. ಒಂದೇ ಸಾಲು. ಮಂಗಳವಾರ ರಾತ್ರಿ, 36 ಬಾಕ್ಸ್, ರೈತ_ಐಡಿ ಖಾಲಿ. ನೆನಪಾಯಿತು. ರಾತ್ರಿ ಹನ್ನೊಂದೂವರೆಗೆ ಒಂದು ಟೆಂಪೋ ಬಂತು. ಡ್ರೈವರ್ ಮಾಲು ಇಳಿಸಿ, "ಅಣ್ಣ ಬೆಳಿಗ್ಗೆ ಫೋನ್ ಮಾಡ್ತಾರೆ" ಅಂತ ಹೇಳಿ ಹೋದ. ಯಾವ ಅಣ್ಣ ಅಂತ ನಾನೂ ಕೇಳಲಿಲ್ಲ. 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದ 2023ರ ಜುಲೈ ಆಗಿದ್ದರೆ ಹೀಗೆ ಬಿಟ್ಟು ಹೋಗುತ್ತಿದ್ದನಾ? ಈಗಿನ ರೇಟಿಗೆ ಯಾರಿಗೂ ಅವಸರ ಇಲ್ಲ.

'ಈಸ್ ನಾಟ್ ನಲ್' ಹಾಕಿದೆ. 41 ಹೆಸರು ಟಪ್ ಅಂತ ಬಂದವು. ಪ್ರಿಂಟ್ ತೆಗೆದು ಸಾಹುಕಾರರ ಕೈಗೆ ಕೊಟ್ಟೆ. ಅವರು ಒಂದೊಂದೇ ಫೋನ್ ಮಾಡಿದರು. ಒಂಬತ್ತನೆಯ ಫೋನ್‌ಗೆ ಆ ಕಡೆಯಿಂದ ಬೈಗುಳ. ಸ್ಪೀಕರ್ ಹಾಕದೇ ಇದ್ದರೂ ನನಗೆ ಕೇಳಿಸಿತು: "ಮಂಗಳವಾರ ರಾತ್ರಿ 36 ಬಾಕ್ಸ್ ಕಳಿಸಿದ್ದೀನಲ್ಲಪ್ಪ, ಮಾಲು ಹಾಕಿಲ್ಲ ಅಂತೀರಾ? ದುಡ್ಡು ಯಾವಾಗ ಕೊಡ್ತೀರಿ?"

ಸಾಹುಕಾರರು ಫೋನ್ ಇಟ್ಟು ನನ್ನ ಮುಖ ನೋಡಿದರು. ನಾನು ಪ್ರಿಂಟ್ ನೋಡಿದೆ.

ಅಂದರೆ ಮೊದಲ ಸಲ ಅದು ಏನೂ ಕೊಡದೇ ಇದ್ದದ್ದೇ ಸರಿ! ಆ 36 ಬಾಕ್ಸ್ 128 ಜನರಲ್ಲಿ ಯಾರದ್ದಾದರೂ ಆಗಿರಬಹುದಿತ್ತು. ಗೊತ್ತಿಲ್ಲ ಅಂತ ಅದು ಸುಮ್ಮನಿತ್ತು, 41 ಅಂತ ಧೈರ್ಯ ಮಾಡಿದ್ದು ನಾನು.

ನಾಳೆ ಪ್ರಶ್ನೆ ಹಾಕುವ ಸರದಿ ನನ್ನದು. ಇದನ್ನೇ ಹಾಕುತ್ತೇನೆ, ಟೆಂಪೋ ಸಮೇತ. ಮೂರು ತಪ್ಪು ಆಯ್ಕೆ ಬೇಕಿತ್ತು: 41, 40, 'ಎರರ್ ಬರುತ್ತೆ'. ನಡೆಯುತ್ತಾ ಅಕ್ಕ?

ಶಿಡ್ಲಘಟ್ಟದ_ಅಕ್ಕ:

87 ಕೂಡ ಹಾಕು. 'ಎರರ್' ತೆಗಿ, ಅದನ್ನು ಯಾರೂ ಒತ್ತಲ್ಲ. ಮೊದಲು ಆ ಅಣ್ಣನ ದುಡ್ಡು ಕೊಡಿಸು.